ನಾಲ್ಕು ಮಹಡಿ ಹತ್ತಿ ಹೊಡೆದ ಐದು ಗುಂಡು: ದಣಿವು, ಗುರಿ ಮತ್ತು ತೀರ್ಮಾನ – ಒಂದು ಪ್ರಕರಣ ಅಧ್ಯಯನ

ಭದ್ರತಾ ಸಿಬ್ಬಂದಿಯ ಫೈರಿಂಗ್ ಪರೀಕ್ಷೆ ಬಹುಮಟ್ಟಿಗೆ ನಿಂತಲ್ಲೇ ನಡೆಯುತ್ತದೆ. ಉಸಿರು ಸಮವಾಗಿರುತ್ತದೆ, ಕೈ ದಣಿದಿರುವುದಿಲ್ಲ, ಎದುರಿಗೆ ಒಂದೇ ಹಲಗೆ. ಯಾರಿಗೆ ಹೊಡೆಯಬೇಕು, ಯಾರಿಗೆ ಹೊಡೆಯಬಾರದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಕೆಲಸದ ನಡುವೆ ಪಿಸ್ತೂಲು ಎತ್ತಬೇಕಾಗಿ ಬಂದರೆ ಅದು ಹೆಚ್ಚಾಗಿ ಓಡಿ, ಹತ್ತಿ, ತಳ್ಳಾಡಿದ ಮೇಲೆ. ಈ ಎರಡರ ನಡುವೆ ಏನೇನು ಕೆಡುತ್ತದೆ ಎಂಬುದನ್ನು ಇಲ್ಲಿ ಒಂದೇ ಸನ್ನಿವೇಶ ಹಿಡಿದು ಬಿಡಿಸಿ ನೋಡಿದೆ. ಸನ್ನಿವೇಶ ತರಬೇತಿಗಾಗಿ ಕಟ್ಟಿದ ಮಾದರಿ, ನಡೆದ ಘಟನೆಯೊಂದರ ವರದಿಯಲ್ಲ. ಅದರಲ್ಲಿ ಬರುವ ದೂರ, ತೂಕ, ಕೋನಗಳ ಲೆಕ್ಕವನ್ನು ಯಾರು ಬೇಕಾದರೂ ಮತ್ತೆ ಮಾಡಿ ನೋಡಬಹುದು.

ಸನ್ನಿವೇಶ

34 ವರ್ಷದ ಕಾವಲುಗಾರ, ತೂಕ 75 ಕೆಜಿ, ಬಲಗೈಯವನು. ಗುಂಡುನಿರೋಧಕ ಜಾಕೆಟ್, ಪಿಸ್ತೂಲು, ಹೆಚ್ಚುವರಿ ಮ್ಯಾಗಜಿನ್, ರೇಡಿಯೊ, ಟಾರ್ಚ್ ಎಲ್ಲ ಸೇರಿ ಮೈಮೇಲೆ 12 ಕೆಜಿ. ನಾಲ್ಕನೆಯ ಮಹಡಿಯಲ್ಲಿ ಅಲಾರಂ ಹೊಡೆಯುತ್ತದೆ. ಅವನು 120 ಮೀಟರ್ ಓಡಲು 30 ಸೆಕೆಂಡು, 80 ಮೆಟ್ಟಿಲು ಹತ್ತಲು ಇನ್ನೊಂದು 30 ಸೆಕೆಂಡು ತೆಗೆದುಕೊಳ್ಳುತ್ತಾನೆ. ಮೇಲೆ, ಒಳಗಿನಿಂದ ಒತ್ತಿ ಹಿಡಿದ ಬಾಗಿಲು. ಅದರೊಂದಿಗೆ ಎರಡೂ ಕೈಯಿಂದ 30 ಸೆಕೆಂಡಿನ ತಳ್ಳಾಟ.

ಬಾಗಿಲು ತೆರೆದರೆ ಪಡಸಾಲೆ. 12 ಮೀಟರ್ ದೂರದಲ್ಲಿ ಆಳೆತ್ತರದ ಮೂರು ಹಲಗೆಗಳು. ಒಂದರಲ್ಲಿ ಪಿಸ್ತೂಲು ಚಾಚಿ ನಿಂತ ಆಕ್ರಮಣಕಾರ. ಎದೆಯ ಮೇಲೆ 20 ಸೆಂಟಿಮೀಟರ್ ವ್ಯಾಸದ ವೃತ್ತ. ಇನ್ನೊಂದರಲ್ಲಿ ಮೊಬೈಲ್ ಹಿಡಿದ ಕೈಯನ್ನು ಮುಂದಕ್ಕೆ ಚಾಚಿದ ನೌಕರ. ಮೂರನೆಯದು ಆಕ್ರಮಣಕಾರನ ಹಿಂದೆ ಅರ್ಧ ಮಾತ್ರ ಕಾಣುವ ಮಹಿಳೆ. ತರಬೇತುದಾರ ಹಗ್ಗ ಎಳೆದರೆ ಆಕ್ರಮಣಕಾರನ ಹಲಗೆ ತಿರುಗಿ, ಆಯುಧ ಬಿಟ್ಟು ಎರಡೂ ಕೈ ಮೇಲೆತ್ತಿದ ಚಿತ್ರ ಬರುತ್ತದೆ. ಗುಂಡು ಬಣ್ಣದ್ದು, ಬಿದ್ದಲ್ಲಿ ಬಣ್ಣದ ಗುರುತು ಬಿಡುವಂಥದ್ದು; ಜೀವಂತ (ನಿಜವಾದ) ಗುಂಡಲ್ಲ.

ಬೆಳಿಗ್ಗೆ, ದಣಿಯುವ ಮೊದಲು, ಇದೇ ಕಾವಲುಗಾರ ಇದೇ ದೂರದಿಂದ ಐದಕ್ಕೆ ಐದನ್ನೂ ವೃತ್ತದೊಳಗೆ ಹೊಡೆದು, ಉಳಿದ ಎರಡು ಹಲಗೆಗಳನ್ನು ಮುಟ್ಟದೆ ಬಿಟ್ಟಿರುತ್ತಾನೆ. ಓಟದ ನಂತರದ ಫಲಿತಾಂಶ ಹೀಗೆ: ಮೊದಲ ಗುಂಡು ಮೊಬೈಲ್ ಹಿಡಿದವನಿಗೆ. ಎರಡನೆಯದು, ಮೂರನೆಯದು ವೃತ್ತದೊಳಗೆ. ನಾಲ್ಕನೆಯದು ವೃತ್ತದಾಚೆ, ಕೆಳಗೆ ಎಡಕ್ಕೆ. ಐದನೆಯದೂ ಕೆಳಗೆ ಎಡಕ್ಕೇ, ಅದೂ ಹಲಗೆ ತಿರುಗಿ ಶರಣಾದ ಚಿತ್ರ ಬಂದ ಮೇಲೆ. ಐದು ನಿಮಿಷ ಬಿಟ್ಟು ಎಷ್ಟು ಜನರಿದ್ದರು ಎಂದು ಕೇಳಿದರೆ ಉತ್ತರ, ‘ಇಬ್ಬರು.’

ಅಂಕಪಟ್ಟಿಯಲ್ಲಿ ಇದು ಐದಕ್ಕೆ ಎರಡು. ಹಾಗೆ ಬರೆದುಬಿಟ್ಟರೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ತಪ್ಪುಗಳು ಒಂದೇ ಅಂಕಿಯಲ್ಲಿ ಮುಚ್ಚಿಹೋಗುತ್ತವೆ. ಆಳು ತಪ್ಪಿದ್ದು, ಕೈ ತಪ್ಪಿದ್ದು, ನಿಲ್ಲಿಸಲಾಗದ್ದು, ಕಂಡದ್ದು ನೆನಪಿನಲ್ಲಿ ಉಳಿಯದ್ದು – ಒಂದೊಂದಕ್ಕೂ ಕಾರಣ ಬೇರೆ, ಮದ್ದೂ ಬೇರೆ.

ದೇಹಕ್ಕೆ ಬಿದ್ದ ಹೊರೆ

80 ಮೆಟ್ಟಿಲು, ಒಂದೊಂದು 17.5 ಸೆಂಟಿಮೀಟರ್ ಎಂದರೆ 14 ಮೀಟರ್ ಎತ್ತರ. 87 ಕೆಜಿಯನ್ನು ಅಷ್ಟು ಮೇಲಕ್ಕೆ ಒಯ್ಯಲು ಸುಮಾರು 12,000 ಜೂಲ್ ಬೇಕು. ಅದನ್ನು 30 ಸೆಕೆಂಡಿನಲ್ಲಿ ಮುಗಿಸಿದರೆ 400 ವ್ಯಾಟ್. ಸಾಧಾರಣ ದೇಹದಾರ್ಢ್ಯದ ವ್ಯಕ್ತಿ ಆಮ್ಲಜನಕದ ಬಲದಿಂದಷ್ಟೇ ನಡೆಸಿಕೊಂಡು ಹೋಗುವ ಮಟ್ಟಕ್ಕಿಂತ ಇದು ಬಹಳ ಮೇಲೆ. ಉಳಿದದ್ದನ್ನು ಸ್ನಾಯುಗಳು ತಮ್ಮಲ್ಲಿರುವ, ತಕ್ಷಣದ ಶಕ್ತಿಯ ಸಂಗ್ರಹವಾದ ಫಾಸ್ಫೋಕ್ರಿಯೇಟಿನ್‌ನಿಂದ ಮತ್ತು ಆಮ್ಲಜನಕವಿಲ್ಲದೆ ಸಕ್ಕರೆ ಒಡೆಯುವುದರಿಂದ ತುಂಬಿಸಿಕೊಳ್ಳುತ್ತವೆ. 12 ಕೆಜಿ ಹೊರೆ ಇಲ್ಲದಿದ್ದರೆ ಇದೇ ಹತ್ತುವಿಕೆ 343 ವ್ಯಾಟ್‌ನಲ್ಲಿ ಮುಗಿಯುತ್ತಿತ್ತು. ಜಾಕೆಟ್‌ನ ಪಟ್ಟಿ ಬಿಗಿಯಾಗಿದ್ದರೆ ಪಕ್ಕೆಲುಬು ಪೂರ್ತಿ ಅರಳದು. ಉಸಿರು ಇನ್ನಷ್ಟು ಮೇಲುಮೇಲಾಗುತ್ತದೆ.

ಬಾಗಿಲು ತೆರೆಯುವ ಹೊತ್ತಿಗೆ ನಾಡಿಬಡಿತ ಗರಿಷ್ಠದ ಶೇ 85ರಿಂದ 90ಕ್ಕೆ ಮುಟ್ಟಿರುತ್ತದೆ. ಈ ವಯಸ್ಸಿಗೆ ಅಂದಾಜು ಗರಿಷ್ಠ 184. ಹಾಗಾಗಿ ನಿಮಿಷಕ್ಕೆ 160ರ ಆಸುಪಾಸು. ಉಸಿರು ನಿಮಿಷಕ್ಕೆ 40 ದಾಟಿರುತ್ತದೆ, ಎಂದರೆ ಒಂದು ಉಸಿರಿಗೆ ಒಂದೂವರೆ ಸೆಕೆಂಡೂ ಇಲ್ಲ.

ನಾಡಿಬಡಿತವೇ ಕಾರಣವೇ?

ಇಂತಹ ಫಲಿತಾಂಶ ಕಂಡಾಗ ಮೊದಲು ಬರುವ ಮಾತು ‘ಹೃದಯ ಬಡಿತ ಏರಿತ್ತು, ಅದಕ್ಕೇ ತಪ್ಪಿತು’ ಎಂಬುದು. ನಾಡಿ 145 ದಾಟಿದರೆ ಸೂಕ್ಷ್ಮ ಚಲನೆ ಹೋಯಿತು, 175 ದಾಟಿದರೆ ಬುದ್ಧಿ ಹೋಯಿತು ಎಂದು ಬಣ್ಣ ಬಣ್ಣದ ಪಟ್ಟಿ ತೋರಿಸುವ ತರಬೇತುದಾರರೂ ಇದ್ದಾರೆ. ಆ ಪಟ್ಟಿಯನ್ನು ಗೋಡೆಯಿಂದ ಇಳಿಸುವುದು ಒಳ್ಳೆಯದು. ಓಡಿ ಏರಿದ ನಾಡಿ ಬೇರೆ, ಹೆದರಿ ಏರಿದ ನಾಡಿ ಬೇರೆ. ಅಂಕಿ ಒಂದೇ ಆದರೂ ಒಳಗಿನ ಸ್ಥಿತಿ ಒಂದೇ ಅಲ್ಲ.

ಬಯಾಥ್ಲಾನ್ ಇದಕ್ಕೆ ಸ್ಪಷ್ಟ ಸಾಕ್ಷಿ. ಹಿಮದ ಮೇಲೆ ಸ್ಕೀಯಲ್ಲಿ ಏದುಸಿರು ಬಿಡುತ್ತ ಬರುವ ಕ್ರೀಡಾಪಟುಗಳು ರೇಂಜ್ ತಲುಪುವಾಗ ಅವರ ನಾಡಿ ಗರಿಷ್ಠದ ಶೇ 85–90ರ ಹತ್ತಿರವೇ ಇರುತ್ತದೆ. ಅಲ್ಲಿ ಅವರು 50 ಮೀಟರ್ ದೂರದಿಂದ ಮಲಗಿ ಹೊಡೆಯುವ ಗುರಿ 45 ಮಿಲಿಮೀಟರ್, ನಿಂತು ಹೊಡೆಯುವ ಗುರಿ 115 ಮಿಲಿಮೀಟರ್. ಕೋನದ ಲೆಕ್ಕದಲ್ಲಿ 115 ಮಿಲಿಮೀಟರ್‌ನ ಗುರಿ 2.3 ಮಿಲಿರೇಡಿಯನ್ (ಒಂದು ಮೀಟರ್ ದೂರದಲ್ಲಿ ಒಂದು ಮಿಲಿಮೀಟರ್ ಅಗಲಕ್ಕೆ ಸಮನಾದ ಕೋನ ಒಂದು ಮಿಲಿರೇಡಿಯನ್). ನಮ್ಮ ಕಾವಲುಗಾರನ ವೃತ್ತ 12 ಮೀಟರ್‌ನಲ್ಲಿ 16.7 ಮಿಲಿರೇಡಿಯನ್, ಏಳು ಪಟ್ಟು ದೊಡ್ಡದು. ರೈಫಲ್‌ಗೆ ಭುಜದ ಆಸರೆ ಇದೆ, ಪಿಸ್ತೂಲಿಗೆ ಇಲ್ಲ. ಹಾಗಾಗಿ ಹೋಲಿಕೆ ಪೂರ್ತಿ ಸರಿಯಲ್ಲ. ಆದರೂ ಏಳು ಪಟ್ಟು ದೊಡ್ಡ ಗುರಿ ತಪ್ಪಿದ್ದಕ್ಕೆ ಹೃದಯವೊಂದನ್ನೇ ಹೊಣೆ ಮಾಡಲಾಗದು.

ನಾಡಿಗೂ ಉಸಿರಿಗೂ ನಿಜವಾಗಿ ಬೆಲೆ ಬರುವುದು ದೂರದ ರೈಫಲ್ ಗುರಿಯಲ್ಲಿ. ವಿಶ್ರಾಂತಿಯಲ್ಲಿ ಉಸಿರು ಹೊರಬಿಟ್ಟ ಮೇಲೆ ಎರಡು ಮೂರು ಸೆಕೆಂಡಿನ ಸಹಜ ಬಿಡುವು ಸಿಗುತ್ತದೆ. ಅದನ್ನು ಇನ್ನಷ್ಟು ಎಳೆದು ಟ್ರಿಗರ್ ಒತ್ತುವುದು ಎಲ್ಲರೂ ಕಲಿತ ಪಾಠ. ಏದುಸಿರಿನಲ್ಲಿ ಆ ಬಿಡುವೇ ಇರುವುದಿಲ್ಲ. ಬಲವಂತವಾಗಿ ಉಸಿರು ಕಟ್ಟಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಬೇಗ ಏರಿ, ಎದೆ ತಾನಾಗಿ ಎಳೆಯತೊಡಗುತ್ತದೆ, ಗುರಿ ಹಾರುತ್ತದೆ. ಮಲಗಿ ಹೊಡೆಯುವಾಗ ಗುಂಡಿನ ಗುರುತುಗಳು ಮೇಲೆ ಕೆಳಗೆ ಉದ್ದ ಸಾಲಾಗಿ ಬಿದ್ದರೆ ಉಸಿರಿನ ತಪ್ಪು ಎಂದೇ ಓದಬೇಕು. ನಮ್ಮ ಪ್ರಕರಣದಲ್ಲಿ ಗುರುತುಗಳು ಹಾಗೆ ಬಿದ್ದಿಲ್ಲ.

ಕೆಳಗೆ ಎಡಕ್ಕೆ ಹೋದ ಗುಂಡುಗಳು

ಪಿಸ್ತೂಲಿನ ಮೇಲೆ ಗುರಿ ನೋಡಲು ಇರುವ ಹಿಂದಿನ ಮತ್ತು ಮುಂದಿನ ಸೈಟ್‌ಗಳ ನಡುವಿನ ಅಂತರ ಸುಮಾರು 160 ಮಿಲಿಮೀಟರ್. ಮುಂದಿನ ಸೈಟ್ ಒಂದೇ ಒಂದು ಮಿಲಿಮೀಟರ್ ವಾಲಿದರೆ 12 ಮೀಟರ್ ಆಚೆ ಗುಂಡು 75 ಮಿಲಿಮೀಟರ್ ಸರಿಯುತ್ತದೆ. ಎರಡು ಮಿಲಿಮೀಟರ್ ವಾಲಿದರೆ 150. ಹತ್ತು ಸೆಂಟಿಮೀಟರ್ ತ್ರಿಜ್ಯದ ವೃತ್ತದಿಂದ ಹೊರಗೆ. ಅದೇ ಇಡೀ ಪಿಸ್ತೂಲು ಕೋನ ಬದಲಿಸದೆ ಪಕ್ಕಕ್ಕೆ ಎರಡು ಸೆಂಟಿಮೀಟರ್ ಸರಿದರೆ ಗುಂಡು ಸರಿಯುವುದೂ ಎರಡೇ ಸೆಂಟಿಮೀಟರ್. ಈ ವ್ಯತ್ಯಾಸ ಮನಸ್ಸಿಗೆ ಇಳಿದರೆ ಅರ್ಧ ಕೆಲಸ ಮುಗಿದಂತೆ. ಏದುಸಿರಿನಿಂದ ತೋಳು ಏರಿಳಿಯುವುದು ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ, ಶಿಕ್ಷಾರ್ಥಿ ಅದಕ್ಕೇ ಗಾಬರಿಯಾಗುತ್ತಾನೆ. ಗುಂಡನ್ನು ಕೆಡಿಸುವುದು ಮಾತ್ರ ಟ್ರಿಗರ್ ಒತ್ತುವ ಕ್ಷಣದಲ್ಲಿ ಮಣಿಕಟ್ಟು ವಾಲುವುದು.

ವಾಲುವುದೇಕೆ? ಬಾಗಿಲಿನ ತಳ್ಳಾಟದಲ್ಲಿ ಎರಡೂ ಮುಂಗೈಗಳ ಹಿಡಿತದ ಸ್ನಾಯುಗಳು ಸೋತಿವೆ. ದಣಿದ ಸ್ನಾಯುವಿನಲ್ಲಿ ಸಹಜ ನಡುಕ ದೊಡ್ಡದಾಗುತ್ತದೆ. ಅಡ್ರಿನಲಿನ್ ಅದನ್ನು ಇನ್ನೂ ಹೆಚ್ಚಿಸುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಬೆರಳುಗಳ ಪ್ರತ್ಯೇಕತೆ ಹೋಗುವುದು. ತೋರುಬೆರಳು ಒತ್ತಿದಾಗ ಉಳಿದ ಬೆರಳುಗಳೂ ಜೊತೆಗೆ ಬಿಗಿಯುತ್ತವೆ. ಟ್ರಿಗರ್‌ಗೆ ಬೇಕಾದ ಬಲ ಸುಮಾರು 3 ಕೆಜಿ, ಪಿಸ್ತೂಲಿನ ತೂಕ ಒಂದು ಕೆಜಿಯ ಒಳಗೆ. ತನ್ನ ತೂಕದ ಮೂರು ಪಟ್ಟು ಬಲ ಬಿದ್ದಾಗ, ಆ ಬಲ ಸ್ವಲ್ಪ ಓರೆಯಾದರೂ ಸಾಕು, ಬಲಗೈಯವರ ಪಿಸ್ತೂಲಿನ ಮೂತಿ ಕೆಳಗೆ ಎಡಕ್ಕೆ ಇಳಿಯುತ್ತದೆ. ಮೊದಲ ಮೂರು ಗುಂಡಿಗೆ ಎಡಗೈ ಹಿಡಿತ ತಡೆದುಕೊಂಡಿತು, ನಾಲ್ಕನೆಯದಕ್ಕೆ ಬಿಟ್ಟಿತು. ನಾಲ್ಕು ಮತ್ತು ಐದು ಒಂದೇ ದಿಕ್ಕಿಗೆ ಹೋಗಿರುವುದೇ ಇದರ ಗುರುತು. ಬರಿಯ ನಡುಕವಾಗಿದ್ದರೆ ನಾಲ್ಕೂ ಕಡೆ ಚದುರಬೇಕಿತ್ತು.

ಫಾಸ್ಫೋಕ್ರಿಯೇಟಿನ್ ಅರ್ಧದಷ್ಟು ಮರುತುಂಬಲು ಸುಮಾರು 30 ಸೆಕೆಂಡು ಬೇಕು, ಬಹುಪಾಲು ತುಂಬಲು ಮೂರರಿಂದ ಐದು ನಿಮಿಷ. ಹತ್ತು ಸೆಕೆಂಡು ನಿಂತರೆ ಉಸಿರು ಸ್ವಲ್ಪ ತಹಬಂದಿಗೆ ಬರುತ್ತದೆ, ಕೈಗೆ ಶಕ್ತಿ ಬಾರದು. ಆದ್ದರಿಂದ ಮುಂಗೈಯನ್ನು ಆಮೇಲೆ ಸುಧಾರಿಸಿಕೊಳ್ಳುವ ಮಾತಿಲ್ಲ, ಮೊದಲೇ ಉಳಿಸಿಕೊಳ್ಳಬೇಕು.

ಮೊದಲ ಗುಂಡು

ಈ ಪ್ರಕರಣದಲ್ಲಿ ಅತಿ ಗಂಭೀರವಾದದ್ದು ಮೊದಲ ಗುಂಡೇ. ಅದು ಗುರಿ ತಪ್ಪಲಿಲ್ಲ. ಮೊಬೈಲ್ ಹಿಡಿದವನ ಎದೆಗೆ ನೇರ ಬಿತ್ತು. ಕೈ ಸರಿಯಾಗಿತ್ತು, ಆರಿಸಿದ ಆಳು ತಪ್ಪು. ಫೈರಿಂಗ್ ಅಭ್ಯಾಸ ಎಷ್ಟು ಹೆಚ್ಚಿಸಿದರೂ ಈ ತಪ್ಪು ತಿದ್ದುವುದಿಲ್ಲ. ಇನ್ನಷ್ಟು ಕರಾರುವಾಕ್ಕಾಗುತ್ತದೆ, ಅಷ್ಟೇ.

ಮಿತವಾದ ಶ್ರಮ ಪ್ರತಿಕ್ರಿಯೆಯನ್ನು ಸ್ವಲ್ಪ ಚುರುಕಾಗಿಸುತ್ತದೆ ಎಂಬುದು ಹಲವು ಪ್ರಯೋಗಗಳಲ್ಲಿ ಕಂಡದ್ದು. ತೀವ್ರ ಶ್ರಮದಲ್ಲೂ ಸರಳ ಪ್ರತಿಕ್ರಿಯೆ ಹೆಚ್ಚು ಕೆಡದೆ ಉಳಿಯಬಹುದು. ಕುಸಿಯುವುದು ಆಯ್ಕೆ ಮಾಡುವ, ತಡೆಹಿಡಿಯುವ, ಒಂದಕ್ಕಿಂತ ಹೆಚ್ಚು ಸಂಗತಿಗಳನ್ನು ಒಟ್ಟಿಗೆ ನೆನಪಿನಲ್ಲಿಟ್ಟು ತೂಗುವ ಸಾಮರ್ಥ್ಯ. ಹಾಗಾಗಿ ದಣಿದವನಿಗೆ ತಾನು ಮಂದವಾಗಿದ್ದೇನೆ ಎಂದು ಅನಿಸುವುದೇ ಇಲ್ಲ. ಕೈ ಬೇಗ ಏಳುತ್ತದೆ, ಬೆರಳು ಬೇಗ ಒತ್ತುತ್ತದೆ. ನಡುವಿನ ತೀರ್ಮಾನ ಮಾತ್ರ ಅರೆಬರೆಯಾಗಿರುತ್ತದೆ.

ಉದ್ರೇಕ ಹೆಚ್ಚಿದಂತೆ ಮನಸ್ಸು ಗಮನಕ್ಕೆ ತೆಗೆದುಕೊಳ್ಳುವ ಸುಳಿವುಗಳು ಕಡಿಮೆಯಾಗುತ್ತವೆ ಎಂದು ಮನೋವಿಜ್ಞಾನಿ ಈಸ್ಟರ್‌ಬ್ರೂಕ್ 1959ರಲ್ಲೇ ವಾದಿಸಿದ್ದರು. ಕಾವಲುಗಾರನ ಕಣ್ಣು ಬಾಗಿಲು ತೆರೆದೊಡನೆ ಹುಡುಕಿದ್ದು ‘ಚಾಚಿದ ಕೈ’ ಎಂಬ ಒಂದೇ ಸುಳಿವನ್ನು. ಮೊದಲು ಸಿಕ್ಕ ಚಾಚಿದ ಕೈ ನೌಕರನದು. ಕೈಯಲ್ಲಿ ಏನಿದೆ ಎಂಬ ಎರಡನೆಯ ಪ್ರಶ್ನೆ ಕೇಳುವ ಮೊದಲೇ ಗುಂಡು ಹೊರಟಿತ್ತು. ಸುಸ್ತಾದ ದೇಹ ಈ ಕೆಲಸ ಬೇಗ ಮುಗಿಯಲಿ ಎಂದು ಬಯಸುತ್ತದೆ, ಆ ಆತುರವೂ ಇದರಲ್ಲಿ ಸೇರಿದೆ.

ದೃಷ್ಟಿಯನ್ನು ಗುರಿಯ ಮೇಲೆ ಕೊನೆಯವರೆಗೆ ನಿಲ್ಲಿಸುವುದು ಎಷ್ಟು ಮುಖ್ಯ ಎಂಬುದನ್ನು ಜೋನ್ ವಿಕರ್ಸ್ ಮತ್ತು ಮಾರ್ಕ್ ವಿಲಿಯಮ್ಸ್ ಬಯಾಥ್ಲಾನ್ ಪಟುಗಳ ಮೇಲೆ ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಅತಿಯಾದ ಶ್ರಮ ಮತ್ತು ಒತ್ತಡ ಎರಡೂ ಇದ್ದಾಗ, ಕೊನೆಯ ನೋಟವನ್ನು ಉದ್ದವಾಗಿ ಹಿಡಿದವರು ಕುಸಿಯಲಿಲ್ಲ. ಅಭ್ಯಾಸದಿಂದ ಬರುವ ಗುಣ ಇದು.

ಐದನೆಯ ಗುಂಡು, ಕಾಣದ ಮಹಿಳೆ

ಐದನೆಯ ಗುಂಡು ತೀರಾ ಬೇರೆ ಬಗೆಯದು. ಕಾವಲುಗಾರ ಕಾಲು ಸೆಕೆಂಡಿಗೆ ಒಂದರಂತೆ ಹೊಡೆಯುತ್ತಿದ್ದ. ಹೊರಟ ಕ್ರಿಯೆಯನ್ನು ನಿಲ್ಲಿಸಲು ಆರೋಗ್ಯವಂತ ಯುವಕರಿಗೂ ಸುಮಾರು 200–250 ಮಿಲಿಸೆಕೆಂಡು ಬೇಕು. ಲೆಕ್ಕ ಇಲ್ಲೇ ಮುಗಿಯುತ್ತದೆ: ಆ ವೇಗದಲ್ಲಿ ಹೊಡೆಯುವ ಯಾರೇ ಆದರೂ ‘ನಿಲ್ಲಿಸು’ ಎಂಬ ಸುಳಿವಿನ ನಂತರ ಒಂದು ಗುಂಡು ಹೆಚ್ಚಾಗಿ ಹಾರಿಸುವ ಸಂಭವ ಬಹಳ. ದಣಿವು ಇದನ್ನು ಹುಟ್ಟಿಸುವುದಿಲ್ಲ, ಹಿಗ್ಗಿಸುತ್ತದೆ. ಹಾಗೆಂದು ಅದನ್ನು ಕ್ಷಮಿಸಿ ಬಿಡಬೇಕಿಲ್ಲ. ಎರಡು ಗುಂಡಿನ ನಂತರ ಪಿಸ್ತೂಲನ್ನು ಸ್ವಲ್ಪ ತಗ್ಗಿಸಿ ಸೈಟ್‌ನ ಮೇಲಿನಿಂದ ನೋಡುವ ಅಭ್ಯಾಸ ಬೇಕು. ಅರ್ಧ ಸೆಕೆಂಡಿನ ಆ ಬಿಡುವಿನಲ್ಲಿ ಶರಣಾದ ಕೈ ಕಾಣುತ್ತದೆ.

ಅರ್ಧ ಮರೆಯಲ್ಲಿದ್ದ ಮಹಿಳೆ ಅವನ ನೆನಪಿನಲ್ಲೇ ಇಲ್ಲ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕೆನಡಾದ 52 ಪೊಲೀಸ್ ಅಧಿಕಾರಿಗಳ ಮೇಲೆ ನಡೆದಿತ್ತು. ಅರ್ಧ ಜನ ತೂಗುಹಾಕಿದ ಭಾರದ ಚೀಲಕ್ಕೆ ಸುಸ್ತಾಗುವವರೆಗೆ ಗುದ್ದಿ, ಒದ್ದು, ಬಳಿಕ ಶಂಕಿತನನ್ನು ಎದುರಿಸಿದರು. ಉಳಿದವರು ದಣಿಯದೆ ಎದುರಿಸಿದರು. ಶಂಕಿತನನ್ನು ಕಂಡದ್ದು ಎಲ್ಲರಿಗೂ ನೆನಪಿತ್ತು. ದಾರಿಯಲ್ಲಿ ಎದುರಾದ ಇನ್ನೊಬ್ಬನ ಬಗ್ಗೆ ದಣಿಯದವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಒಂದಾದರೂ ವಿವರ ಹೇಳಿದರೆ, ದಣಿದವರಲ್ಲಿ ಅವನನ್ನು ಕಂಡದ್ದೇ ನೆನಪಿದ್ದವರು ಮೂರನೇ ಒಂದು ಭಾಗದಷ್ಟು. ಅವರ ಶ್ರಮ ಒಂದು ನಿಮಿಷಕ್ಕೂ ಕಡಿಮೆ. ನಮ್ಮ ಕಾವಲುಗಾರನದು 90 ಸೆಕೆಂಡು.

ತಿದ್ದಿದ್ದು ಹೇಗೆ

ಮೊದಲ ಬದಲಾವಣೆ ಮೆಟ್ಟಿಲಿನಲ್ಲಿ. ಕೊನೆಯ 20 ಮೆಟ್ಟಿಲನ್ನು ಓಡದೆ, ಸೆಕೆಂಡಿಗೆ ಒಂದೂವರೆ ಮೆಟ್ಟಿಲಿನಂತೆ ನಡೆದು ಹತ್ತುವುದು. ಹೊರೆ 400 ವ್ಯಾಟ್‌ನಿಂದ ಸುಮಾರು 225ಕ್ಕೆ ಇಳಿಯುತ್ತದೆ, ಆಗುವ ತಡ ಆರು ಸೆಕೆಂಡು. ಆರು ಸೆಕೆಂಡು ತಡವಾಗಿ ಬಂದು ಸರಿಯಾದವನನ್ನು ಗುರುತಿಸುವುದು ಮೇಲೆಂಬುದು ನಮ್ಮ ಖಚಿತ ಅಭಿಪ್ರಾಯ. ಒಳಗೆ ಗುಂಡಿನ ಸದ್ದು ನಡೆಯುತ್ತಿದ್ದರೆ ಈ ಲೆಕ್ಕ ಬದಲಾಗುತ್ತದೆ. ಆಗಲೂ ಬಾಗಿಲಿನ ಮುಂದಿನ ಒಂದು ದೀರ್ಘ ಉಸಿರನ್ನು ಬಿಡಬಾರದು.

ಎರಡನೆಯದು ಬಾಗಿಲು. ಕೈಯಿಂದ ತಳ್ಳದೆ ಬೆನ್ನು ಅಥವಾ ಭುಜ ಕೊಟ್ಟು ಕಾಲಿನ ಬಲದಿಂದ ಒತ್ತುವುದು. ಕಂಬಿ ಹಿಡಿದು ಮೆಟ್ಟಿಲು ಹತ್ತುವುದಾದರೆ ಪಿಸ್ತೂಲು ಹಿಡಿಯದ ಕೈಯಿಂದ, ಅದೂ ಸಡಿಲವಾಗಿ. ಪಿಸ್ತೂಲು ಈ ಎಲ್ಲ ಹೊತ್ತೂ ಹೋಲ್ಸ್ಟರ್‌ನಲ್ಲೇ. ಕೈಯಲ್ಲಿ ಹಿಡಿದು ತಳ್ಳಾಡಿದರೆ ಬೆರಳುಗಳು ಜೊತೆಗೂಡಿ ಬಿಗಿದು, ಬೇಡದ ಗುಂಡು ಹಾರುವ ಅಪಾಯವಿದೆ.

ಮೂರನೆಯದು ಉಸಿರು. ಬಾಗಿಲ ಚೌಕಟ್ಟಿನ ಮರೆಯಲ್ಲಿ ಎರಡು ಸಲ ಬಾಯಿಯಿಂದ ಉದ್ದವಾಗಿ ಹೊರಬಿಡುವುದು. ನಾಡಿ ಇದರಿಂದ ಹೆಚ್ಚೇನೂ ಇಳಿಯದು, ಇಳಿಯಬೇಕಾಗಿಯೂ ಇಲ್ಲ. ಉಸಿರು ಕಟ್ಟಿ ಹೊಡೆಯುವ ಯತ್ನವನ್ನು ಪೂರ್ತಿ ಬಿಡಬೇಕು. ಉಸಿರು ಹೊರಹೋಗುತ್ತಿರುವಾಗಲೇ ಟ್ರಿಗರ್ ಒತ್ತುವುದು ಸಾಕು. ಇಲ್ಲಿ ಒಂದು ಉಪಯುಕ್ತ ಸಂಗತಿ: ‘ನಿಲ್ಲು! ಕೈ ತೋರಿಸು!’ ಎಂದು ಕೂಗುವುದೂ ಉಸಿರು ಹೊರಬಿಡುವುದೇ. ಕೂಗಿದಾಗ ಉಸಿರು ತಾನಾಗಿ ಹೊರಹೋಗುತ್ತದೆ, ಎದುರಿನವರ ಪ್ರತಿಕ್ರಿಯೆ ನೋಡಲು ಒಂದು ಕ್ಷಣವೂ ಸಿಗುತ್ತದೆ. ಏದುಸಿರಿನಲ್ಲಿ ಮೂರು ಪದಕ್ಕಿಂತ ಉದ್ದದ ಆಜ್ಞೆ ತುಂಡಾಗುತ್ತದೆ. ಆದ್ದರಿಂದ ಆಜ್ಞೆ ಚಿಕ್ಕದಿರಲಿ, ಎಲ್ಲ ಅಭ್ಯಾಸದಲ್ಲೂ ಅದೇ ಇರಲಿ.

ನಾಲ್ಕನೆಯದು ಕಣ್ಣಿನ ಕ್ರಮ, ಹೆಚ್ಚು ಸಮಯ ಬೇಡುವುದೂ ಇದೇ. ಕೈಯಲ್ಲಿ ಏನಿದೆ, ಆಮೇಲೆ ಇಡೀ ಆಳು, ಆಮೇಲೆ ಅವನ ಹಿಂದೆ ಯಾರು, ಕೊನೆಗೆ ಮುಂದಿನ ಸೈಟ್. ಇದನ್ನು ಮೊದಲು ಆಯುಧವಿಲ್ಲದೆ ಕಲಿಸಬೇಕು. ಶಿಕ್ಷಾರ್ಥಿ ಮೆಟ್ಟಿಲು ಹತ್ತಿ ಬಂದು, ಎರಡು ಸೆಕೆಂಡು ಹಲಗೆಗಳನ್ನು ನೋಡಿ, ಕಂಡದ್ದನ್ನು ಬಾಯಲ್ಲಿ ಹೇಳಬೇಕು: ‘ಎಡಗಡೆ ಪಿಸ್ತೂಲು, ಹಿಂದೆ ಒಬ್ಬರು, ಬಲಗಡೆ ಮೊಬೈಲ್.’ ಇದು ಸರಾಗವಾದ ಮೇಲೆ ಖಾಲಿ ಪಿಸ್ತೂಲು, ಆಮೇಲೆ ಬಣ್ಣದ ಗುಂಡು.

ಇಷ್ಟಾದ ಮೇಲೂ ದಣಿದಾಗಿನ ಗ್ರೂಪ್ (ಗುಂಡಿನ ಗುರುತುಗಳ ಗುಂಪು) ವಿಶ್ರಾಂತಿಯದಷ್ಟು ಚಿಕ್ಕದಾಗುವುದಿಲ್ಲ. ವೃತ್ತದೊಳಗಿದ್ದರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ತಪ್ಪು ಹಲಗೆಗೆ ಬೀಳುವ ಗುಂಡು ಮಾತ್ರ ಸೊನ್ನೆಯಾಗಲೇಬೇಕು.

ಪರೀಕ್ಷೆ ನಡೆಸುವವರಿಗೆ

ಒಬ್ಬೊಬ್ಬರನ್ನೂ ಎರಡು ಸಲ ಪರೀಕ್ಷಿಸಬೇಕು: ದಣಿಯದೆ, ದಣಿದು. ಅರ್ಧ ಜನ ದಣಿದದ್ದನ್ನು ಮೊದಲು ಮಾಡಲಿ. ಇಲ್ಲವಾದರೆ ಎರಡನೆಯ ಸಲದ ಅಭ್ಯಾಸಬಲ ದಣಿವಿನ ಪರಿಣಾಮವನ್ನು ಮರೆಮಾಡುತ್ತದೆ. ಹಲಗೆಗಳ ಜಾಗ ಪ್ರತಿ ಸಲವೂ ಬದಲಾಗಬೇಕು, ಯಾರಿಗೂ ಹೊಡೆಯಬಾರದ ಸನ್ನಿವೇಶಗಳೂ ನಡುವೆ ಬರಬೇಕು. ಪ್ರತಿ ಓಟವೂ ಗುಂಡಿನಲ್ಲೇ ಮುಗಿದರೆ ಓಡಿದ ಮೇಲೆ ಹೊಡೆಯಲೇಬೇಕು ಎಂಬ ಪಾಠವನ್ನು ನಾವೇ ಕಲಿಸಿದಂತಾಗುತ್ತದೆ. ಶ್ರಮದ ಮಟ್ಟವನ್ನು ಎದೆಪಟ್ಟಿಯ ನಾಡಿಮಾಪಕದಿಂದ ಅಳೆಯುವುದು ಒಳ್ಳೆಯದು. ಮುಷ್ಟಿ ಬಿಗಿದಾಗ ಮಣಿಕಟ್ಟಿನ ಗಡಿಯಾರದ ಅಳತೆ ಹೆಚ್ಚುಕಡಿಮೆಯಾಗುತ್ತದೆ. ಉಪಕರಣವಿಲ್ಲದಿದ್ದರೆ ಶ್ರಮ ಎಷ್ಟು ಅನಿಸುತ್ತಿದೆ ಎಂದು ಅಂಕಿಯಲ್ಲಿ ಹೇಳುವ 6ರಿಂದ 20ರ ಬೋರ್ಗ್ ಅಳತೆಯಲ್ಲಿ ಶಿಕ್ಷಾರ್ಥಿಯೇ ಹೇಳುವ 15–17 ಸಾಕು.

ಸುಸ್ತಾದವನ ಕೈಗೆ ಜೀವಂತ ಗುಂಡು ಕೊಡುವುದು ಈ ತರಬೇತಿಯ ಅತ್ಯಂತ ಅಪಾಯದ ಹಂತ. ಬಣ್ಣದ ಗುಂಡಿನಲ್ಲಿ ಒಂದೂ ಸುರಕ್ಷತಾ ತಪ್ಪಿಲ್ಲದೆ ಮುಗಿಸಿದವರಿಗೆ ಮಾತ್ರ ಅದು, ಅದೂ ಒಬ್ಬ ಶಿಕ್ಷಾರ್ಥಿಗೆ ಒಬ್ಬ ತರಬೇತುದಾರ ಪಕ್ಕದಲ್ಲೇ ಇರುವಾಗ. ಬಣ್ಣದ ಗುಂಡಿಗೂ ಕಣ್ಣು, ಮುಖದ ರಕ್ಷಣೆ ಬೇಕೇ ಬೇಕು; ಏದುಸಿರಿಗೆ ಕನ್ನಡಕ ಮಂಜಾಗುತ್ತದೆ, ಅದನ್ನು ಓಟಕ್ಕೆ ಮೊದಲೇ ಹಾಕಿ ನೋಡಬೇಕು. ತಲೆಸುತ್ತು, ಎದೆನೋವು, ತಡವರಿಸುವ ಮಾತು, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ – ಯಾವುದು ಕಂಡರೂ ಅಭ್ಯಾಸ ಅಲ್ಲಿಗೇ ನಿಲ್ಲಿಸಿ ಜಾಕೆಟ್ ಬಿಚ್ಚಿಸಬೇಕು, ವೈದ್ಯಕೀಯ ನೆರವು ಕರೆಯಬೇಕು.

ದಾಖಲೆಯಲ್ಲಿ ಒಟ್ಟು ಅಂಕದ ಬದಲು ಬೇರೆ ಬೇರೆ ಕಾಲಂಗಳಿರಲಿ: ಸರಿಯಾದ ಹಲಗೆಯ ವೃತ್ತದೊಳಗೆ, ಅದೇ ಹಲಗೆಯ ವೃತ್ತದಾಚೆ ಮತ್ತು ಯಾವ ದಿಕ್ಕಿಗೆ, ತಪ್ಪು ಹಲಗೆಗೆ, ಶರಣಾದ ಮೇಲೆ, ಮೊದಲ ಗುಂಡಿಗೆ ಹಿಡಿದ ಸಮಯ, ಆಜ್ಞೆ ಕೂಗಿದನೇ ಇಲ್ಲವೇ. ಐದು ನಿಮಿಷದ ನಂತರ ಕಂಡದ್ದನ್ನು ಯಾರೊಂದಿಗೂ ಮಾತಾಡದೆ ಬರೆಯಿಸಬೇಕು. ಆ ಹಾಳೆಯಲ್ಲಿ ಮೂರನೆಯ ವ್ಯಕ್ತಿ ಇಲ್ಲದಿದ್ದರೆ ಅದನ್ನು ಸುಳ್ಳೆಂದಾಗಲಿ ಅಲಕ್ಷ್ಯವೆಂದಾಗಲಿ ಬರೆಯಬಾರದು. ನೆನಪಿಲ್ಲದ ಜಾಗವನ್ನು ಊಹೆಯಿಂದ ತುಂಬುವಂತೆ ಒತ್ತಾಯಿಸಲೂಬಾರದು. ಮುಂದಿನ ವಾರದ ಅಭ್ಯಾಸದಲ್ಲಿ ಅವನಿಗೆ ಮರೆಯಲ್ಲಿ ನಿಂತವರಿರುವ ಹಲಗೆಗಳನ್ನೇ ಹೆಚ್ಚು ಕೊಡಬೇಕು.